ಕಂದು ಕಾಗದದ ಪಾಠ: ಕಚ್ಚಿಕೊಂಡ ಬೋಲ್ಟನ್ನು ಬಿಡಿಸುವುದರ ಹಿಂದಿನ ಚರಿತ್ರೆ



ಒಂದರೊಳಗೊಂದು ಸಿಕ್ಕಿಕೊಂಡ ಎರಡು ಸ್ಟೀಲ್ ಲೋಟಗಳನ್ನು ನೀವೂ ಯಾವಾಗಲೋ ಬಿಡಿಸಿರುತ್ತೀರಿ. ನಮ್ಮ ಮನೆಯಲ್ಲಿ ಅಣ್ಣ ಅವುಗಳನ್ನು ತಿರುಚಿ, ನೆಲಕ್ಕೆ ಕುಟ್ಟಿ, ಕೊನೆಗೆ ಲೋಟದ ಬಾಯಿಯನ್ನೇ ಸೊಟ್ಟ ಮಾಡಿಡುತ್ತಿದ್ದ. ಅಮ್ಮ ಬಂದು ಅವನ ಕೈಯಿಂದ ಕಿತ್ತುಕೊಂಡು, ಒಳಗಿನ ಲೋಟಕ್ಕೆ ತಣ್ಣೀರು ತುಂಬಿಸಿ, ಹೊರಗಿನದನ್ನು ಬಿಸಿನೀರಿನ ಪಾತ್ರೆಯಲ್ಲಿ ಒಂದು ನಿಮಿಷ ಇಡುತ್ತಿದ್ದಳು. ಆಮೇಲೆ ಎರಡು ಬೆರಳಲ್ಲಿ ಎತ್ತಿದರೆ ಒಳಗಿನ ಲೋಟ ಸಲೀಸಾಗಿ ಮೇಲೆ ಬರುತ್ತಿತ್ತು. ಹೊರಗಿನದು ಬಿಸಿಗೆ ಹಿಗ್ಗುತ್ತದೆ, ಒಳಗಿನದು ತಂಪಿಗೆ ಕುಗ್ಗುತ್ತದೆ. ಅಮ್ಮನಿಗೆ ಇದನ್ನು ಯಾರೂ ಪಾಠ ಮಾಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಹಳೆಯ ವಿಮಾನದ ಮುಂದೆ ಮಂಡಿಯೂರಿ ಕೂತಿದ್ದಾಗ ಈ ಲೋಟಗಳು ನೆನಪಾದವು. ನನಗೆ ಭಾನುವಾರ ಕನ್ನಡ ಶಾಲೆ, ಶನಿವಾರ ಹ್ಯಾಂಗರ್. ಇಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಸಣ್ಣ ವಿಮಾನಗಳನ್ನು ರಿಪೇರಿ ಮಾಡಿ ಮತ್ತೆ ಹಾರಿಸುವ ಸ್ವಯಂಸೇವಕರ ಗುಂಪುಗಳು ಸಾಕಷ್ಟಿವೆ. ಅಂಥ ಒಂದು ಗುಂಪಿನಲ್ಲಿ ನಾನು ಒರೆಸುವ, ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ನಾವು ಬಿಚ್ಚುತ್ತಿರುವುದು ಚಿಪ್‌ಮಂಕ್ ಎಂಬ ಎರಡು ಸೀಟಿನ ತರಬೇತಿ ವಿಮಾನ. ಅದರ ಬಾಲದ ಹತ್ತಿರ, ಅಲ್ಯೂಮಿನಿಯಂ ಬ್ರಾಕೆಟ್ಟಿನಲ್ಲಿ ಕೂತಿದ್ದ ಒಂದು ಉಕ್ಕಿನ ಬೋಲ್ಟ್ ಜಾಮ್ ಆಗಿತ್ತು. ನಾನು ಉದ್ದನೆಯ ಸ್ಪ್ಯಾನರ್ ತಂದು ಮೈಭಾರ ಹಾಕಲು ಹೊರಟಾಗ ನಮ್ಮ ಹಿರಿಯ ಎಂಜಿನಿಯರ್ ಕೈ ಅಡ್ಡ ಇಟ್ಟರು. ಕಾರಣವಿತ್ತು. ಹಿಂದಿನ ತಿಂಗಳು ನಾನು ಹೀಗೇ ಅವಸರ ಮಾಡಿ ಒಂದು ಸ್ಕ್ರೂನ ತಲೆಯನ್ನು ಮುರಿದು ಕೈಯಲ್ಲಿ ಹಿಡಿದು ನಿಂತಿದ್ದೆ. ಉಳಿದ ತುಂಡನ್ನು ತೆಗೆಯಲು ಅವರಿಗೆ ಪೂರ್ತಿ ಎರಡು ದಿನ ಬೇಕಾಯಿತು.

"ಇದು ಯಾಕೆ ಕಚ್ಚಿಕೊಂಡಿದೆ ಅಂತ ಮೊದಲು ಹೇಳು. ಆಮೇಲೆ ಸ್ಪ್ಯಾನರ್ ಮುಟ್ಟು," ಎಂದರು.

ಉತ್ತರ ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಇನ್ನೂರ ಅರವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಹಡಗು. ಅದನ್ನೇ ಈ ತಿಂಗಳು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

1761ರ ಹಡಗು

ಮರದ ಹಡಗುಗಳ ಕಾಲದಲ್ಲಿ ನಾವಿಕರಿಗೆ ಶತ್ರುವಿನ ಫಿರಂಗಿಯಷ್ಟೇ ಭಯ ಹುಟ್ಟಿಸುತ್ತಿದ್ದದ್ದು ಮರ ಕೊರೆಯುವ ಸಮುದ್ರದ ಹುಳು. ಬಿಸಿ ನೀರಿನ ಸಮುದ್ರಗಳಿಗೆ ಹೋದ ಹಡಗಿನ ತಳವನ್ನು ಅದು ಜರಡಿಯಂತೆ ಮಾಡುತ್ತಿತ್ತು. ಇದಕ್ಕೆ ಪರಿಹಾರವಾಗಿ ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ 32 ಫಿರಂಗಿಗಳ ಯುದ್ಧನೌಕೆಯ ತಳಕ್ಕೆ ತೆಳುವಾದ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡೆಗೆ ಕಳಿಸಿತು.

ಹಡಗು ಮರಳಿದ ಮೇಲೆ, 1763ರಲ್ಲಿ, ತಳವನ್ನು ಪರೀಕ್ಷಿಸಿದರು. ತಾಮ್ರ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು, ಹುಳುವಿನ ಕಾಟ ಇರಲಿಲ್ಲ. ಆದರೆ ಹಲವು ಕಡೆ ತಗಡು ಕಳಚಿಹೋಗಿತ್ತು. ತಗಡನ್ನು ಮರಕ್ಕೆ ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತಂತೆ ಸವೆದುಹೋಗಿದ್ದವು. ವಿಚಿತ್ರವೆಂದರೆ ಕೆಲವು ಮೊಳೆಗಳು ಮಾತ್ರ ಸುಮಾರಾಗಿ ಗಟ್ಟಿಯಾಗೇ ಉಳಿದಿದ್ದವು. ಹತ್ತಿರದಿಂದ ನೋಡಿದಾಗ ಗುಟ್ಟು ತಿಳಿಯಿತು. ತಾಮ್ರದ ತಗಡುಗಳು ಹಡಗುಕಟ್ಟೆಗೆ ಬಂದದ್ದು ಕಂದು ಕಾಗದದಲ್ಲಿ ಸುತ್ತಿಕೊಂಡು. ಕೆಲವು ಕಡೆ ಕೆಲಸಗಾರರು ಆ ಕಾಗದವನ್ನು ಪೂರ್ತಿ ತೆಗೆದಿರಲಿಲ್ಲ. ಮೊಳೆಯ ತಲೆಗೂ ತಾಮ್ರಕ್ಕೂ ನಡುವೆ ಕಾಗದ ಸಿಕ್ಕಿಕೊಂಡಿದ್ದಲ್ಲಿ ಕಬ್ಬಿಣ ಉಳಿದಿತ್ತು. ಕಬ್ಬಿಣ ಮತ್ತು ತಾಮ್ರ ಒಂದಕ್ಕೊಂದು ತಾಗಿದ್ದಲ್ಲಿ ಕಬ್ಬಿಣ ಹೋಗಿತ್ತು.

ಸಮುದ್ರದ ನೀರಿನಲ್ಲಿ ಕಬ್ಬಿಣವೂ ತಾಮ್ರವೂ ಒಂದನ್ನೊಂದು ಮುಟ್ಟಬಾರದು ಎಂಬ ತೀರ್ಮಾನಕ್ಕೆ ನೌಕಾಪಡೆ ಬಂತು. ಏಕೆ ಮುಟ್ಟಬಾರದು ಎನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಮುಂದೆ 1780ರ ದಶಕದಲ್ಲಿ ತಾಮ್ರ ಹೊದಿಸಿದ ಹಡಗುಗಳಿಗೆ ಕಬ್ಬಿಣದ ಬೋಲ್ಟ್ ಬಿಟ್ಟು ತಾಮ್ರದ ಮಿಶ್ರಲೋಹದ ಬೋಲ್ಟ್‌ಗಳನ್ನು ಹಾಕತೊಡಗಿದರು.

ಕಪ್ಪೆಯ ಕಾಲು, ಸತುವಿನ ತುಂಡು

ಕಾರಣ ತಿಳಿದದ್ದು ಇಟಲಿಯಲ್ಲಿ, ಹಡಗಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲದ ಒಂದು ಪ್ರಯೋಗದಿಂದ. ಬೊಲೋನ್ಯದ ಲುಯಿಜಿ ಗಾಲ್ವಾನಿ ಎಂಬ ವೈದ್ಯ, ಎರಡು ಬೇರೆ ಬೇರೆ ಲೋಹಗಳನ್ನು ಜೋಡಿಸಿ ಮುಟ್ಟಿಸಿದರೆ ಸತ್ತ ಕಪ್ಪೆಯ ಕಾಲು ಸೆಟೆಯುವುದನ್ನು ಕಂಡು 1791ರಲ್ಲಿ ಅದರ ಬಗ್ಗೆ ಪ್ರಕಟಿಸಿದ. ವಿದ್ಯುತ್ತು ಕಪ್ಪೆಯೊಳಗೇ ಇದೆ ಎಂದು ಅವನ ವಾದ. ಅಲೆಸಾಂಡ್ರೊ ವೋಲ್ಟಾ ಅದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಎರಡು ಲೋಹಗಳ ಸಂಗದಿಂದ, ಕಪ್ಪೆ ಬರೀ ಒದ್ದೆ ವಸ್ತು ಎಂದ. 1800ರಲ್ಲಿ ಅವನು ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು ಒಂದರ ಮೇಲೊಂದು ಪೇರಿಸಿ ಜಗತ್ತಿನ ಮೊದಲ ಬ್ಯಾಟರಿ ಮಾಡಿ ತೋರಿಸಿದ.

ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ. ಅಲಾರ್ಮ್ ಹಡಗಿನ ತಳದಲ್ಲಿ ಇದ್ದದ್ದೂ ಇದೇ. ಯಾರಿಗೂ ತಿಳಿಯದಂತೆ ಅಲ್ಲಿ ಸಾವಿರಾರು ಪುಟ್ಟ ಬ್ಯಾಟರಿಗಳು ಕೆಲಸ ಮಾಡುತ್ತಿದ್ದವು. ಬ್ಯಾಟರಿಯಲ್ಲಿ ಎರಡು ಲೋಹಗಳ ಪೈಕಿ ಒಂದು ತನ್ನನ್ನು ತಾನು ಕರಗಿಸಿಕೊಳ್ಳುತ್ತ ಇನ್ನೊಂದನ್ನು ಕಾಪಾಡುತ್ತದೆ. ಕಬ್ಬಿಣ ಮತ್ತು ತಾಮ್ರದ ಜೋಡಿಯಲ್ಲಿ ಕರಗುವುದು ಕಬ್ಬಿಣ. ಉಕ್ಕು ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಸಾಮಾನ್ಯವಾಗಿ ಕರಗುವುದು ಅಲ್ಯೂಮಿನಿಯಂ.

ಲಂಡನ್ನಿನ ಹಂಫ್ರಿ ಡೇವಿ ಈ ತಿಳಿವಳಿಕೆಯನ್ನೇ ತಿರುಗಿಸಿ ಬಳಸಿದ. ಹಡಗಿನ ತಾಮ್ರ ಸವೆಯದಂತೆ ಮಾಡಬೇಕಾದರೆ ಅದಕ್ಕಿಂತ ಬೇಗ ಸವೆಯುವ ಸತು ಅಥವಾ ಕಬ್ಬಿಣದ ತುಂಡುಗಳನ್ನು ಬೇಕೆಂದೇ ತಾಗಿಸಿಡಿ ಎಂದು 1824ರಲ್ಲಿ ರಾಯಲ್ ಸೊಸೈಟಿಗೆ ತಿಳಿಸಿದ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತ ಮೇಲೆ ಅದರ ವಿಷವೂ ನೀರಿಗೆ ಸೇರಲಿಲ್ಲ. ಪಾಚಿ, ಚಿಪ್ಪುಗಳು ತಳಕ್ಕೆ ಹತ್ತಿಕೊಂಡು ಹಡಗುಗಳು ನಿಧಾನವಾದವು. ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು. ಆದರೂ ತತ್ತ್ವ ಸರಿಯಾಗಿತ್ತು. ಇಂದಿಗೂ ಹಡಗುಗಳ ಉಕ್ಕಿನ ತಳಕ್ಕೆ ಸತುವಿನ ತುಂಡುಗಳನ್ನು ಕಟ್ಟುತ್ತಾರೆ.

ವಿಮಾನಕ್ಕೆ ಬಂದ ಲೋಹ

ಮೊದಮೊದಲ ವಿಮಾನಗಳು ಮರ ಮತ್ತು ಬಟ್ಟೆಯವು. ಅಲ್ಯೂಮಿನಿಯಂ ಹಗುರ, ಆದರೆ ಮೆದು. 1906ರಲ್ಲಿ ಬರ್ಲಿನ್ ಬಳಿ ಆಲ್ಫ್ರೆಡ್ ವಿಲ್ಮ್ ಎಂಬ ಲೋಹತಜ್ಞ ಅಲ್ಯೂಮಿನಿಯಂಗೆ ಸುಮಾರು 4 ಶೇಕಡ ತಾಮ್ರ ಮತ್ತು ಚೂರು ಮೆಗ್ನೀಸಿಯಂ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿದ. ಪರೀಕ್ಷಿಸಿದಾಗ ಅಂಥ ವಿಶೇಷವೇನೂ ಕಾಣಲಿಲ್ಲ. ಎರಡು ಮೂರು ದಿನ ಬಿಟ್ಟು ಅದೇ ತುಂಡನ್ನು ಮತ್ತೆ ಪರೀಕ್ಷಿಸಿದರೆ ಅದು ತಾನಾಗಿಯೇ ಗಟ್ಟಿಯಾಗಿತ್ತು! ಹೀಗೆ ಹುಟ್ಟಿದ್ದು ಡುರಾಲುಮಿನ್. ಜೆಪ್ಪೆಲಿನ್ ವಾಯುನೌಕೆಗಳ ಚೌಕಟ್ಟಿಗೂ ಆಮೇಲೆ ವಿಮಾನಗಳಿಗೂ ಇದೇ ಬಂತು.

ಆದರೆ ಗಟ್ಟಿತನಕ್ಕಾಗಿ ಬೆರೆಸಿದ ತಾಮ್ರವೇ ಈ ಲೋಹಕ್ಕೆ ಶತ್ರುವೂ ಆಯಿತು. ತಾಮ್ರ ಇರುವ ಅಲ್ಯೂಮಿನಿಯಂ ಉಪ್ಪುಗಾಳಿಗೆ ಬೇಗ ಹಾಳಾಗುತ್ತದೆ. ಅದಕ್ಕೆ ಎರಡು ಉಪಾಯ ಬಂದವು. 1923ರಲ್ಲಿ ಬ್ರಿಟನ್ನಿನ ಬೆಂಗೋ ಮತ್ತು ಸ್ಟುವರ್ಟ್, ವಿದ್ಯುತ್ತಿನ ಸಹಾಯದಿಂದ ಲೋಹದ ಮೇಲೆ ಗಟ್ಟಿಯಾದ ಆಕ್ಸೈಡ್ ಪದರ ಬೆಳೆಸುವ ವಿಧಾನ ಕಂಡುಹಿಡಿದರು. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಮಿಶ್ರಲೋಹದ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸಿದ ಆಲ್‌ಕ್ಲ್ಯಾಡ್ ಬಂತು. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆಯೇ. ಹುಳಿ ಸಾರಿಗೂ ಹಿತ್ತಾಳೆಗೂ ನಡುವೆ ತವರ ನಿಲ್ಲುತ್ತದೆ, ಮಳೆಗೂ ಮಿಶ್ರಲೋಹಕ್ಕೂ ನಡುವೆ ಶುದ್ಧ ಅಲ್ಯೂಮಿನಿಯಂ ನಿಲ್ಲುತ್ತದೆ.

ತಗಡಿನ ಮೈ ಹೀಗೆ ಉಳಿಯಿತು. ಆದರೆ ಆ ತಗಡಿಗೆ ತೂತು ಕೊರೆದು ಉಕ್ಕಿನ ಬೋಲ್ಟ್ ತೂರಿಸಿದ ಕಡೆ ಹಳೆಯ ಹಡಗಿನ ಕಥೆಯೇ ಮತ್ತೆ ಶುರುವಾಗುತ್ತದೆ.

ನಮ್ಮ ಚಿಪ್‌ಮಂಕ್ ಇಂಥ ಲೋಹದ ವಿಮಾನ. ಡಿ ಹ್ಯಾವಿಲೆಂಡ್ ಕೆನಡಾ ಕಂಪನಿಗೆ ಯಾಕಿಮ್ಯುಕ್ ಎಂಬ ಪೋಲೆಂಡಿನ ಎಂಜಿನಿಯರ್ ವಿನ್ಯಾಸ ಮಾಡಿದ ಇದು ಮೊದಲು ಹಾರಿದ್ದು 1946ರ ಮೇ ತಿಂಗಳಲ್ಲಿ. ಬ್ರಿಟನ್ ಒಂದರಲ್ಲೇ ಸುಮಾರು 1,000 ತಯಾರಾದವು. ಇದನ್ನು ಮೊದಲ ಸಲ ನೋಡಿದಾಗ ನನಗೆ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹೌದು, ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನೋಡಿದ ಎಚ್‌ಟಿ-2! ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 1951ರ ಆಗಸ್ಟ್‌ನಲ್ಲಿ ಹಾರಿದ ಎಚ್‌ಟಿ-2 ಕೂಡ ಎರಡು ಸೀಟು ಹಿಂದೆ ಮುಂದೆ ಇರುವ, ರೆಕ್ಕೆ ಕೆಳಗಿರುವ ಲೋಹದ ತರಬೇತಿ ವಿಮಾನ. ಅದರ ಮೊದಲ ಮಾದರಿಗೆ ಹಾಕಿದ್ದೂ ಚಿಪ್‌ಮಂಕ್‌ಗೆ ಹಾಕಿದ ಜಿಪ್ಸಿ ಮೇಜರ್ ಕುಟುಂಬದ ಎಂಜಿನ್ನೇ. ಸುಮಾರು 170 ಎಚ್‌ಟಿ-2ಗಳು ಬೆಂಗಳೂರಿನಲ್ಲಿ ತಯಾರಾಗಿ, ವಾಯುಪಡೆಯ ಹಲವು ತಲೆಮಾರಿನ ಪೈಲಟ್‌ಗಳಿಗೆ ಹಾರಲು ಕಲಿಸಿದವು.

ಎಚ್‌ಎಎಲ್ ವಿಮಾನ ಕಟ್ಟುವ ಮುಂಚೆ ಬಿಚ್ಚಿ ಜೋಡಿಸುವುದನ್ನು ಕಲಿತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಎಂಬ ಸಮುದ್ರವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗಾಗಿ ಎಚ್‌ಎಎಲ್‌ಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬ್ರಿಟಿಷರು ಬೇಕೆಂದೇ ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಎಚ್‌ಎಎಲ್ ಕೆಲಸಗಾರರು ಮತ್ತೆ ಹಾರುವಂತೆ ಮಾಡಿದರು. ಅಲ್ಲಿ ಎಷ್ಟು ಬೋಲ್ಟ್‌ಗಳು ಜಾಮ್ ಆಗಿದ್ದವೋ! ನಮ್ಮ ದೊಡ್ಡಪ್ಪ ಆಮೇಲಿನ ಕಾಲದಲ್ಲಿ ಅಲ್ಲೇ ಫಿಟ್ಟರ್ ಆಗಿದ್ದರು. ನಾವು ಸೈಕಲ್ ಬಿಚ್ಚುವಾಗ "ಬೋಲ್ಟ್ ಜೊತೆ ಜಗಳ ಆಡಬೇಡಿ ಕಣ್ರೋ, ಎಣ್ಣೆ ಬಿಟ್ಟು ಊಟ ಮಾಡ್ಕೊಂಡು ಬನ್ನಿ" ಅನ್ನುತ್ತಿದ್ದರು. ಸೀಮೆಎಣ್ಣೆಯ ನಾಲ್ಕು ಹನಿ ಬಿಟ್ಟು ನಾವು ಊಟಕ್ಕೆ ಏಳುತ್ತಿದ್ದೆವು.

ಬಲ ಬೇಡ, ಬೆಂಕಿ ಬೇಡ, ಹುಣಸೆಹಣ್ಣೂ ಬೇಡ

ಬೋಲ್ಟ್ ಕಚ್ಚಿಕೊಳ್ಳುವುದು ಏಕೆ? ಲೋಹ ತುಕ್ಕಾದಾಗ ಅದು ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಕಬ್ಬಿಣದ ತುಕ್ಕು ಮೂಲ ಲೋಹದ ಎರಡು ಪಟ್ಟು, ತೇವ ಹೀರಿದರೆ ಅದಕ್ಕೂ ಹೆಚ್ಚು ಉಬ್ಬುತ್ತದೆ. ಅಲ್ಯೂಮಿನಿಯಂನ ಬಿಳಿ ಪುಡಿಯೂ ಹಾಗೆಯೇ. ಬೋಲ್ಟ್‌ಗೂ ತೂತಿಗೂ ನಡುವೆ ಇರುವ ಕೂದಲೆಳೆಯ ಸಂದಿಯಲ್ಲಿ ಈ ಪುಡಿ ವರ್ಷಗಟ್ಟಲೆ ತುಂಬಿ, ಒತ್ತಿ, ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ.

ಇಂಥದ್ದಕ್ಕೆ ಊರಿನ ಗ್ಯಾರೇಜಿನಲ್ಲಿ ನಾವು ನೋಡಿದ ಮದ್ದುಗಳು ಮೂರು: ಸ್ಪ್ಯಾನರಿಗೆ ಪೈಪು ಸೇರಿಸಿ ಬಲ ಹಾಕುವುದು, ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸುವುದು, ಆಸಿಡ್ ಹಾಕುವುದು. ವಿಮಾನಕ್ಕೆ ಮೂರೂ ಆಗದು.

ಬಲ ಹಾಕಿದರೆ ಬೋಲ್ಟ್ ಮುರಿಯುವುದು ಸಣ್ಣ ನಷ್ಟ. ಬೋಲ್ಟ್ ಮುರಿಯದೆ ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಎಳೆದರೆ, ಅಥವಾ ಕಣ್ಣಿಗೆ ಕಾಣದ ಬಿರುಕು ಬಿಟ್ಟರೆ, ಆ ಬಿರುಕು ಪ್ರತಿ ಹಾರಾಟದ ಅದುರಿಗೂ ಒಂದಿಷ್ಟು ಬೆಳೆಯುತ್ತದೆ. ಕಾರಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ರಸ್ತೆ ಬದಿ ಇಲ್ಲ.

ಬೆಂಕಿಯ ಅಪಾಯ ಇನ್ನೂ ಮೋಸದ್ದು. ವಿಲ್ಮ್ ಕಂಡುಹಿಡಿದ ಗಟ್ಟಿತನ ನಿಂತಿರುವುದು ಲೋಹದೊಳಗೆ ಹರಡಿರುವ ಅತಿ ಸಣ್ಣ ಕಣಗಳ ಮೇಲೆ. ಹದ ಮೀರಿ ಕಾಯಿಸಿದರೆ ಆ ಕಣಗಳು ಒಟ್ಟುಗೂಡಿ ದಪ್ಪಗಾಗುತ್ತವೆ, ಲೋಹ ಮೆದುವಾಗುತ್ತದೆ. ಇದಕ್ಕೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಸಾಕು. ಅಡುಗೆಮನೆಯ ಓವನ್ನಿನ ಬಿಸಿ ಅದು! ಉಕ್ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಗಲು ಬೆಳಕಿನಲ್ಲಿ ಬಣ್ಣ ಬದಲಿಸದೆಯೇ ಕರಗುವ ಹಂತಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಮೇಲೆ ನೋಡಿದರೆ ಬ್ರಾಕೆಟ್ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ, ಬಲ ಮಾತ್ರ ಇರುವುದಿಲ್ಲ. ಜೊತೆಗೆ ಇಂಥ ವಿಮಾನದ ಕೆಲವು ಭಾಗಗಳಿಗೆ ಹೊದಿಸುವ ಬಟ್ಟೆ ಮತ್ತು ಅದಕ್ಕೆ ಬಳಿಯುವ ಡೋಪ್ ಎಂಬ ಲೇಪ ಬೇಗ ಹೊತ್ತಿಕೊಳ್ಳುವಂಥವು.

ಇನ್ನು ಹುಳಿ. ಕಿಲುಬು ಹಿಡಿದ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿದರೆ ಫಳಫಳ ಹೊಳೆಯುತ್ತದೆ. ಅದೇ ಬುದ್ಧಿ ಗಟ್ಟಿ ಉಕ್ಕಿನ ಬೋಲ್ಟ್ ಮೇಲೆ ನಡೆಯದು. 1875ರಲ್ಲಿ ವಿಲಿಯಂ ಜಾನ್ಸನ್ ಎಂಬ ಇಂಗ್ಲೆಂಡಿನವರು ಒಂದು ವಿಚಿತ್ರವನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. ಆಸಿಡ್ಡಿನಲ್ಲಿ ಕೆಲವೇ ನಿಮಿಷ ಅದ್ದಿದ ಕಬ್ಬಿಣದ ತಂತಿ ಬಾಗುವ ಬದಲು ಪಟ್ಟನೆ ಮುರಿಯುತ್ತಿತ್ತು, ಮುರಿದ ಜಾಗವನ್ನು ಒದ್ದೆ ಮಾಡಿದರೆ ಗುಳ್ಳೆಗಳು ಏಳುತ್ತಿದ್ದವು. ಆಸಿಡ್ಡಿನಿಂದ ಹುಟ್ಟಿದ ಹೈಡ್ರೋಜನ್ ಲೋಹದೊಳಕ್ಕೆ ನುಗ್ಗಿ ಅದನ್ನು ಹಪ್ಪಳದಂತೆ ಮಾಡಿತ್ತು. ಉಕ್ಕು ಹೆಚ್ಚು ಬಲವಾದಷ್ಟೂ ಈ ಅಪಾಯ ಹೆಚ್ಚು. ಹಾಗಾಗಿ ವಿಮಾನದ ಗಟ್ಟಿ ಬೋಲ್ಟ್‌ಗಳ ಹತ್ತಿರ ಕಂಡಕಂಡ ಆಸಿಡ್ ಸುಳಿಯುವಂತಿಲ್ಲ.

ಎಣ್ಣೆಯ ಡಬ್ಬಿಯ ಕಥೆ

ಹಾಗಾದರೆ ಉಳಿದದ್ದು ಎಣ್ಣೆ, ಹದವಾದ ಬಿಸಿ, ಸಣ್ಣ ಅದುರು ಮತ್ತು ಸಮಯ. ಎಣ್ಣೆ ತೆಳುವಾದಷ್ಟೂ ಸಂದಿಯೊಳಕ್ಕೆ ಚೆನ್ನಾಗಿ ಏರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೆ ಕೂದಲೆಳೆಯ ಸಂದಿಯೂ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ದೊಡ್ಡಪ್ಪನ ಸೀಮೆಎಣ್ಣೆ ಕೆಲಸ ಮಾಡುತ್ತಿದ್ದದ್ದು ಹೀಗೇ.

ನಮ್ಮೆಲ್ಲರ ಮನೆಯಲ್ಲಿರುವ ನೀಲಿ ಹಳದಿ ಡಬ್ಬಿ, ಡಬ್ಲ್ಯುಡಿ-40, ನಿಜಕ್ಕೂ ಈ ಕೆಲಸಕ್ಕೆ ಹುಟ್ಟಿದ್ದಲ್ಲ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ರಾಕೆಟ್ ಕೆಮಿಕಲ್ ಎಂಬ ಪುಟ್ಟ ಕಂಪನಿ ವಿಮಾನ, ಕ್ಷಿಪಣಿಗಳಿಗೆ ತುಕ್ಕು ಹಿಡಿಯದಂತೆ ಕಾಯುವ ದ್ರವವನ್ನು ಹುಡುಕುತ್ತಿತ್ತು. ನೀರನ್ನು ಜಾಗ ಬಿಡಿಸುವುದು ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ಅದರ ಹೆಸರು. 40 ಎಂದರೆ ನಲವತ್ತನೆಯ ಪ್ರಯತ್ನ ಎಂದು ಕಂಪನಿ ಹೇಳುತ್ತದೆ. ಮೊದಲ ದೊಡ್ಡ ಗಿರಾಕಿ ಕಾನ್‌ವೇರ್, ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ. 1958ರ ಹೊತ್ತಿಗೆ ಸ್ಪ್ರೇ ಡಬ್ಬಿಯಲ್ಲಿ ಅಂಗಡಿಗೆ ಬಂತು. ನೀರನ್ನು ಓಡಿಸಲು ಅದು ಒಳ್ಳೆಯದು. ಬಹಳ ಕಾಲದಿಂದ ಕಚ್ಚಿಕೊಂಡ ಬೋಲ್ಟ್‌ಗೆ ಮಾತ್ರ ಅದಕ್ಕಾಗಿಯೇ ಮಾಡಿದ, ಸಂದಿಗಿಳಿಯುವ ಎಣ್ಣೆಗಳೇ ಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಅಸಿಟೋನ್ ಬೆರೆಸಿದ ಮನೆಮದ್ದನ್ನು ಕೆಲವರು ಹೊಗಳುತ್ತಾರೆ. ಅದು ವಿಮಾನದ ಬಣ್ಣವನ್ನೂ ಡೋಪನ್ನೂ ಕರಗಿಸುತ್ತದೆ, ಬೆಂಕಿಗೂ ಹತ್ತಿರ. ನಮ್ಮ ಹ್ಯಾಂಗರಿನಲ್ಲಿ ಅದಕ್ಕೆ ಪ್ರವೇಶವಿಲ್ಲ.

ಮೂರು ಶನಿವಾರ

ಮೊದಲ ಶನಿವಾರ ನಾವು ಏನನ್ನೂ ತಿರುಗಿಸಲಿಲ್ಲ. ಜಾಗವನ್ನು ಒರೆಸಿ, ಫೋಟೋ ತೆಗೆದು, ನಟ್‌ಗೆ ಸರಿಯಾದ ಸ್ಪ್ಯಾನರ್ ಯಾವುದೆಂದು ಹುಡುಕಿದೆವು. ಇದಕ್ಕೂ ಒಂದು ಚರಿತ್ರೆ ಇದೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಬ್ರಿಟನ್ನಿಗೆ ಒಂದೇ ಅಳತೆಯ ಸ್ಕ್ರೂ ತ್ರೆಡ್ ಇರಲಿ ಎಂದು ಪ್ರತಿಪಾದಿಸಿದ. ಆ ಪದ್ಧತಿಯ ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ. ಆಮೇಲೆ ಬಂದ ಅಮೆರಿಕದ ಇಂಚು ಪದ್ಧತಿ ಮತ್ತು ಮಿಲಿಮೀಟರ್ ಸ್ಪ್ಯಾನರ್‌ಗಳ ಮೇಲೆ ಬರೆದಿರುವುದು ನಟ್ಟಿನ ಅಗಲ. ಹಳೆಯ ಬ್ರಿಟಿಷ್ ವಿಮಾನಕ್ಕೆ ಹತ್ತಿರತ್ತಿರದ ಅಳತೆಯ ಬೇರೆ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಎಣ್ಣೆ ಬಿಟ್ಟು, ಸಣ್ಣ ಹಿತ್ತಾಳೆ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಟಕ್ ಟಕ್ ಎಂದು ಮೆಲ್ಲಗೆ ತಟ್ಟಿ ಮನೆಗೆ ಹೋದೆವು. ತಟ್ಟುವ ಅದುರಿಗೆ ತುಕ್ಕಿನ ಪದರ ಸಣ್ಣಗೆ ಬಿರಿಯುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ. ವಾರದ ನಡುವೆ ಒಬ್ಬರು ಹೋಗಿ ಮತ್ತೆ ಎಣ್ಣೆ ಬಿಟ್ಟು ಬಂದರು.

ಎರಡನೆಯ ಶನಿವಾರ ಎಣ್ಣೆಯನ್ನು ಪೂರ್ತಿ ಒರೆಸಿ, ಬಿಸಿಗಾಳಿಯ ಗನ್ನಿನಿಂದ ಬ್ರಾಕೆಟ್ಟನ್ನು ಬಿಸಿ ಮಾಡಿದೆವು. ಪಕ್ಕದಲ್ಲಿ ಥರ್ಮಾಮೀಟರ್, 80 ಡಿಗ್ರಿ ದಾಟುವ ಹಾಗಿಲ್ಲ. ಇಲ್ಲಿ ಅಮ್ಮನ ಲೋಟ ನೆನಪಿಸಿಕೊಳ್ಳಿ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 10 ಮಿಲಿಮೀಟರ್ ತೂತನ್ನೂ ಬೋಲ್ಟನ್ನೂ 60 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ನಡುವಿನ ಸಂದಿ ಸುಮಾರು 0.007 ಮಿಲಿಮೀಟರ್ ಅಗಲವಾಗುತ್ತದೆ. ತಲೆಗೂದಲಿನ ಹತ್ತನೇ ಒಂದು ಭಾಗ! ಇಷ್ಟೇ ಸಾಕು. ಬಿಸಿ, ತಂಪು, ಎಣ್ಣೆ, ಮತ್ತೆ ಬಿಸಿ. ನಾಲ್ಕನೇ ಸುತ್ತಿಗೆ ನಟ್ ಕದಲಿತು. ಬೋಲ್ಟನ್ನು ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿದೆವು. ಬೋಲ್ಟನ್ನೇ ತಿರುಗಿಸಿದರೆ ಅದು ತೂತಿನ ಗೋಡೆಯನ್ನು ಕೆರೆಯುತ್ತದೆ.

ಮೂರನೆಯ ಶನಿವಾರ ಒಂದು ಹಳೆಯ ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ಹಾಕಿ, ತ್ರೆಡ್‌ಗೆ ಪೆಟ್ಟಾಗದಂತೆ ಮಾಡಿ, ಹಿಂದಿನಿಂದ ಬ್ರಾಕೆಟ್ಟಿಗೆ ಮರದ ಆಸರೆ ಕೊಟ್ಟು, ಹಿತ್ತಾಳೆಯ ಕಡ್ಡಿ ಇಟ್ಟು ತಟ್ಟಿದೆವು. ಮಧ್ಯಾಹ್ನದ ಚಹಾ ಹೊತ್ತಿಗೆ ಬೋಲ್ಟ್ ಬಿಳಿ ಪುಡಿ ಉದುರಿಸುತ್ತ ಹೊರಗೆ ಬಂತು. ಅದರ ಮೇಲೆ ಗ್ರೀಸ್ ಇಲ್ಲ, ಯಾವ ಲೇಪವೂ ಇಲ್ಲ. ಎಷ್ಟೋ ವರ್ಷದ ಹಿಂದೆ ಯಾರೋ ಅದನ್ನು ಒಣದಾಗಿಯೇ ಹಾಕಿದ್ದರು.

ಅದೇ ದಿನ ಎದುರು ಬದಿಯ ಬೋಲ್ಟನ್ನೂ ಬಿಚ್ಚಿದೆವು. ಅದೇ ವಿಮಾನ, ಅದೇ ವಯಸ್ಸು, ಅದೇ ಇಂಗ್ಲೆಂಡಿನ ಮಳೆ. ಅದು ಎರಡು ಬೆರಳಲ್ಲಿ ಬಂತು. ಅದರ ಮೈಗೆ ಒಣಗಿದ ಹಳದಿ ಪೇಸ್ಟ್ ಅಂಟಿಕೊಂಡಿತ್ತು. ಬೇರೆ ಬೇರೆ ಲೋಹಗಳು ಸೇರುವ ಕಡೆ ನೀರು ಹೋಗದಂತೆ, ಒಂದಕ್ಕೊಂದು ತಾಗದಂತೆ ಹಚ್ಚುವ ಲೇಪ ಅದು. ಹಿರಿಯ ಎಂಜಿನಿಯರ್ ಅದನ್ನು ನನ್ನ ಅಂಗೈ ಮೇಲಿಟ್ಟು, "ನೋಡು, ಕಂದು ಕಾಗದ," ಎಂದರು.

ಹಚ್ಚಿದವರು ಯಾರೋ ನಮಗೆ ಗೊತ್ತಿಲ್ಲ. ಹಚ್ಚಲು ಅವರಿಗೆ ಅರ್ಧ ನಿಮಿಷ ಹಿಡಿದಿರಬಹುದು. ಹಚ್ಚದೆ ಬಿಟ್ಟ ಇನ್ನೊಂದಕ್ಕೆ ನಾವು ಮೂರು ಶನಿವಾರ ಕೊಟ್ಟೆವು. ಬ್ರಾಕೆಟ್ಟನ್ನು ಭೂತಗಾಜಿನಿಂದ ಪರೀಕ್ಷಿಸಿ, ಬಿರುಕಿಲ್ಲವೆಂದು ಖಚಿತ ಮಾಡಿಕೊಂಡು, ಎರಡೂ ಕಡೆ ಕ್ಯಾಡ್ಮಿಯಂ ಲೇಪದ ಹೊಸ ಬೋಲ್ಟ್‌ಗಳನ್ನು ಹಾಕಿದ್ದೇವೆ. ಪರವಾನಗಿ ಇರುವ ಎಂಜಿನಿಯರ್ ನೋಡಿ ಸಹಿ ಹಾಕಿದ್ದಾರೆ. ಈ ಸಲ ಪೇಸ್ಟ್ ಹಚ್ಚಿದ್ದು ನಾನು. ಮುಂದಿನ ಸಲ ಅದನ್ನು ಬಿಚ್ಚುವವರು ಯಾರಾಗಿರುತ್ತಾರೋ, ಅವರಿಗೆ ಮೂರು ಶನಿವಾರ ಹಿಡಿಯದಿರಲಿ.

ಹಳೆಯ ಬೋಲ್ಟ್ ಈಗ ನಮ್ಮ ಮನೆಯ ಕಿಟಕಿಯ ಮೇಲಿದೆ. ಮಗಳು ಅದನ್ನು ನೋಡಿ "ಅಮ್ಮಾ, ಈ ತುಕ್ಕು ಹಿಡಿದದ್ದನ್ನ ಯಾಕೆ ಇಟ್ಕೊಂಡಿದ್ದೀಯ?" ಎಂದು ಕೇಳಿದಳು. ಈ ಲೇಖನ ಅವಳಿಗೆ ಕೊಟ್ಟ ಉತ್ತರವೂ ಹೌದು.

ಮಕ್ಕಳಿಗೆ: ಮನೆಯಲ್ಲೇ ಮಾಡಿ ನೋಡಿ

ದೊಡ್ಡವರ ಸಹಾಯ ಪಡೆದು, ಸತುವಿನ ಲೇಪವಿಲ್ಲದ ಮೂರು ಕಬ್ಬಿಣದ ಮೊಳೆ ಮತ್ತು ಮೂರು ಲೋಟ ಉಪ್ಪುನೀರು ತೆಗೆದುಕೊಳ್ಳಿ. ಮೊದಲ ಮೊಳೆಯನ್ನು ಹಾಗೆಯೇ ಹಾಕಿ. ಎರಡನೆಯದಕ್ಕೆ ಬರಿಯ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ಹಾಕಿ. ಮೂರನೆಯದರ ಮಧ್ಯಭಾಗಕ್ಕೆ ಮೊದಲು ಪ್ಲಾಸ್ಟಿಕ್ ಟೇಪ್ ಸುತ್ತಿ, ಟೇಪಿನ ಮೇಲಷ್ಟೇ ತಾಮ್ರದ ತಂತಿ ಸುತ್ತಿ ಹಾಕಿ. ತಂತಿ ಮೊಳೆಯನ್ನು ಮುಟ್ಟಬಾರದು. ನಾಲ್ಕೈದು ದಿನ ಬಿಟ್ಟು ನೋಡಿ, ಯಾವ ಲೋಟದಲ್ಲಿ ತುಕ್ಕು ಹೆಚ್ಚು ಎಂದು ಬರೆದುಕೊಂಡು ಮುಂದಿನ ತರಗತಿಗೆ ತನ್ನಿ. ಜೊತೆಗೆ ಈ ಲೇಖನದಲ್ಲಿ ಬಂದ ಐದು ಪದಗಳ ಅರ್ಥವನ್ನು ಮನೆಯ ಹಿರಿಯರ ಹತ್ತಿರ ಕೇಳಿ ತಿಳಿದುಕೊಳ್ಳಿ: ತುಕ್ಕು, ಕಿಲುಬು, ಕಲಾಯಿ, ಬೆಣೆ, ಸಂದಿ.